ಸ್ವ-ಆರೈಕೆಯ ದಿನಚರಿ: ಒಂದು ಲಾಭ-ನಷ್ಟದ ಲೆಕ್ಕ



ಈ ಸಂಚಿಕೆಗೆ ಆರೋಗ್ಯದ ಬಗ್ಗೆ ಯಾರಾದರೂ ಬರೆಯಿರಿ ಎಂದು ನಮ್ಮ ಕನ್ನಡ ಉಪನ್ಯಾಸಕರು ತರಗತಿಯಲ್ಲಿ ಕೇಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಆರೋಗ್ಯ ವಿಜ್ಞಾನ ವಿಭಾಗದವರ ವಿಷಯ, ವಾಣಿಜ್ಯದವರಿಗೆ ಡೆಬಿಟ್-ಕ್ರೆಡಿಟ್ ಸಾಕು ಎಂದು ನನ್ನ ಲೆಕ್ಕ. ಆದರೆ ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನೆನಪಾಯಿತು. ಅದನ್ನು ಮತ್ತೆ ಮತ್ತೆ ಯೋಚಿಸಿದಾಗ, ನಮ್ಮನ್ನು ನಾವು ನೋಡಿಕೊಳ್ಳುವುದರಲ್ಲೂ ಜಮಾ ಇದೆ, ಖರ್ಚು ಇದೆ, ಆ ಖರ್ಚು ಕೆಲವೊಮ್ಮೆ ಬೇರೆಯವರ ಖಾತೆಗೆ ಬೀಳುತ್ತದೆ ಎಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆ ಮಾತು ಉರ್ದು. ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಿ.

ಸ್ವ-ಆರೈಕೆ ಎಂದರೇನು?

'ಸೆಲ್ಫ್ ಕೇರ್' ಎಂಬ ಮಾತನ್ನು ನಾವೆಲ್ಲ ಮೊಬೈಲ್‌ನಲ್ಲಿ ದಿನಾ ಕೇಳುತ್ತೇವೆ. ಬೆಳಿಗ್ಗೆ ಇಷ್ಟು ಗಂಟೆಗೆ ಏಳಿ, ಇಷ್ಟು ಲೋಟ ನೀರು ಕುಡಿಯಿರಿ, ಮುಖಕ್ಕೆ ಇದನ್ನು ಹಚ್ಚಿ, ಡೈರಿ ಬರೆಯಿರಿ. ಆದರೆ ಇದು ಮೊಬೈಲ್‌ನವರು ಕಂಡುಹಿಡಿದ ವಿಷಯವಲ್ಲ. ಅಮೆರಿಕದ ನರ್ಸ್ ಡೊರೊಥಿಯಾ ಓರೆಮ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ವಿವರಿಸಿದ್ದಾರೆ. ನಮ್ಮ ಖಾಲಾ ಅವರ ಮಗಳು ಆಪಾ ನರ್ಸಿಂಗ್ ಓದುತ್ತಿದ್ದಾರೆ, ಅವರು ನನಗೆ ಇದನ್ನು ತಿಳಿಸಿದರು. ಪ್ರತಿಯೊಬ್ಬ ಮನುಷ್ಯನಿಗೂ ತನ್ನ ಆರೋಗ್ಯಕ್ಕಾಗಿ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ಮಾಡಬೇಕಾದದ್ದು ಹೆಚ್ಚಾಗಿ, ಮಾಡುವ ಶಕ್ತಿ ಕಡಿಮೆಯಾದರೆ ಅಲ್ಲಿ ಕೊರತೆ ಬರುತ್ತದೆ. ಆಗ ಬೇರೆಯವರು ಕೈ ಹಿಡಿಯಬೇಕು. ಬಜೆಟ್‌ನ ಕೊರತೆ ಓದಿದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ ಸ್ವ-ಆರೈಕೆಯ ಬಗ್ಗೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆರೋಗ್ಯವನ್ನು ಕಾಪಾಡಿಕೊಳ್ಳಲು, ರೋಗ ತಡೆಯಲು, ಬಂದ ಕಾಯಿಲೆಯನ್ನು ನಿಭಾಯಿಸಲು ವ್ಯಕ್ತಿಗಳಿಗೆ, ಕುಟುಂಬಗಳಿಗೆ, ಸಮುದಾಯಗಳಿಗೆ ಇರುವ ಸಾಮರ್ಥ್ಯವೇ ಸ್ವ-ಆರೈಕೆ ಎಂಬುದು ಅದರ ವಿವರಣೆಯ ಸಾರ. ಇದರಲ್ಲಿ 'ಕುಟುಂಬ' ಎಂಬ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಅದನ್ನು ತಡವಾಗಿ ಗಮನಿಸಿದೆ.

ನನಗೆ ಕನ್ನಡದಲ್ಲಿ 'ಹುಷಾರು' ಎಂಬ ಪದ ಬಹಳ ಇಷ್ಟ. ಇದು ಪಾರ್ಸಿ-ಉರ್ದುವಿನಿಂದ ಬಂದ ಪದ. ನಮ್ಮ ಮನೆಯಲ್ಲಿ 'ಹೋಷಿಯಾರ್' ಎಂದರೆ ಜಾಣ, ಎಚ್ಚರವಿರುವವನು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಇನ್ನೊಂದು ಅರ್ಥ ಸೇರಿದೆ. ಜ್ವರ ಬಂದರೆ 'ಹುಷಾರಿಲ್ಲ' ಅನ್ನುತ್ತೇವೆ, ಗುಣವಾದರೆ 'ಹುಷಾರಾದ' ಅನ್ನುತ್ತೇವೆ. ಎಚ್ಚರವೂ ಆರೋಗ್ಯವೂ ಒಂದೇ ಪದದಲ್ಲಿ ಇವೆ. ಸ್ವ-ಆರೈಕೆ ಎಂದರೆ ಇಷ್ಟೇ ಎಂದು ನನಗೆ ಅನಿಸುತ್ತದೆ.

ಜಮಾ ಕಡೆ: ಲಾಭಗಳು

ನಮ್ಮ ಅಬ್ಬಾ ಲಗೇಜ್ ಆಟೋ ಓಡಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಮಂಡಕ್ಕಿ ಚೀಲಗಳನ್ನು ಅಂಗಡಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠ ಬಂದಾಗ ನಾನು ಆ ಆಟೋವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಮಾಡಿದ್ದೆ. ಬೆಲೆ ರೂ. 2,40,000, ಹತ್ತು ವರ್ಷದ ನಂತರ ಗುಜರಿ ಬೆಲೆ ರೂ. 40,000 ಎಂದು ಇಟ್ಟುಕೊಂಡರೆ ವರ್ಷಕ್ಕೆ ರೂ. 20,000 ಸವಕಳಿ. ಬಳಸಿದ ವಸ್ತು ಸವೆಯಲೇಬೇಕು. ಆದರೆ ಸರಿಯಾದ ಸಮಯಕ್ಕೆ ಆಯಿಲ್ ಬದಲಿಸಿ, ಬ್ರೇಕ್ ನೋಡಿಸಿ, ಟೈರಿಗೆ ಗಾಳಿ ಹಾಕಿಸಿದರೆ ಗಾಡಿ ಹತ್ತು ವರ್ಷ ನಿಲ್ಲುತ್ತದೆ, ಇಲ್ಲದಿದ್ದರೆ ಐದೇ ವರ್ಷಕ್ಕೆ ಗುಜರಿಗೆ ಹೋಗುತ್ತದೆ. ಈ ಖರ್ಚಿಗೆ 'ದುರಸ್ತಿ ಮತ್ತು ನಿರ್ವಹಣೆ' ಎಂದು ಹೆಸರು. ಸ್ವ-ಆರೈಕೆ ನಮ್ಮ ದೇಹದ, ಮನಸ್ಸಿನ ನಿರ್ವಹಣಾ ವೆಚ್ಚ. ಅದರ ಲಾಭಗಳು ನಿಜವಾದವು.

ಮೊದಲನೆಯದು ನಿದ್ದೆ. ನಮ್ಮ ವಯಸ್ಸಿನವರಿಗೆ, ಅಂದರೆ 13ರಿಂದ 18 ವರ್ಷದವರಿಗೆ, ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಹಗಲಿನಲ್ಲಿ ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ, ಮಲಗುವ ಮುನ್ನ ಮೊಬೈಲ್ ಬೆಳಕು ನೋಡಿದರೆ ಇನ್ನೂ ತಡವಾಗುತ್ತದೆ. ಆದ್ದರಿಂದ ಮಲಗುವ ಸಮಯಕ್ಕೆ ಒಂದು ಕಟ್ಟುಪಾಡು ಇರುವುದು ಒಳ್ಳೆಯದು.

ಎರಡನೆಯದು ಚಲನೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು, ನಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದಕ್ಕೆ ಜಿಮ್ ಬೇಕಿಲ್ಲ. ಕಾಲೇಜಿಗೆ ಸೈಕಲ್ ತುಳಿದು ಬರುವವರು ಅರ್ಧ ಲೆಕ್ಕ ಆಗಲೇ ಮುಗಿಸಿರುತ್ತಾರೆ.

ಮೂರನೆಯದು ಮನಸ್ಸಿನ ನೆಮ್ಮದಿ. ದಿನಕ್ಕೆ ಒಂದು ಕ್ರಮ ಇದ್ದರೆ 'ಈಗೇನು ಮಾಡಲಿ' ಎಂಬ ಗೊಂದಲ ಕಡಿಮೆ. ನಮ್ಮ ದಾದಿಗೆ ಗಡಿಯಾರ ನೋಡಲು ಬರುವುದಿಲ್ಲ. ಐದು ಹೊತ್ತಿನ ಅಜಾನೇ ಅವರ ಟೈಮ್‌ಟೇಬಲ್. ವುಜೂ ಮಾಡಿ ನಮಾಜ್ ಮುಗಿಸಿ, ಜುಹರ್ ಆದ ಮೇಲೆ ಸ್ವಲ್ಪ ಹೊತ್ತು ಒರಗುತ್ತಾರೆ. ಅದನ್ನು ಅವರು ಎಂದೂ ಸೆಲ್ಫ್ ಕೇರ್ ಎಂದು ಕರೆದಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಕಾಯಿಲೆ ಇರುವವರಿಗೆ ಆಗುವ ಲಾಭ. ಬಿಪಿ, ಸಕ್ಕರೆ ಕಾಯಿಲೆ ಇದ್ದವರನ್ನು ಡಾಕ್ಟರ್ ನೋಡುವುದು ತಿಂಗಳಿಗೆ ಹತ್ತು ನಿಮಿಷ. ಉಳಿದ ದಿನಗಳಲ್ಲಿ ಮಾತ್ರೆ ತೆಗೆದುಕೊಳ್ಳುವುದು, ಉಪ್ಪು ಕಡಿಮೆ ಮಾಡುವುದು, ನಡೆಯುವುದು ಎಲ್ಲವೂ ಅವರ ಮತ್ತು ಮನೆಯವರ ಕೈಯಲ್ಲಿದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಟೀ ಚಮಚವೂ ಪೂರ್ತಿ ಬೇಡ. ನಮ್ಮ ಮನೆಯ ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಇವನ್ನೆಲ್ಲ ನೆನೆಸಿಕೊಂಡರೆ ಇದು ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಖರ್ಚಿನ ಕಡೆ: ನಷ್ಟಗಳು

ಈಗ ನನ್ನ ಕಥೆಗೆ ಬರುತ್ತೇನೆ. ಕಳೆದ ವರ್ಷ ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಅಂಕ ಕಡಿಮೆ ಬಂತು. ಹತ್ತನೇ ತರಗತಿಯಲ್ಲಿ ಚೆನ್ನಾಗಿ ಓದಿದ್ದ ನನಗೆ ಅವಮಾನವಾಯಿತು. ಅದೇ ಸಮಯದಲ್ಲಿ ಒಂದು ವಿಡಿಯೋ ನೋಡಿದೆ. ಯಶಸ್ವಿಯಾದವರೆಲ್ಲ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರೆ, ನೀವು ಏಳದಿದ್ದರೆ ಸೋಲುತ್ತೀರಿ ಎಂದು ಅದರಲ್ಲಿದ್ದವರು ಹೇಳಿದರು. ಮರುದಿನವೇ ನಾನು ಒಂದು ಪಟ್ಟಿ ಮಾಡಿದೆ. ನಾಲ್ಕಕ್ಕೆ ಏಳುವುದು, ಬಿಸಿನೀರು, ನೆನೆಸಿದ ಬಾದಾಮಿ, ವ್ಯಾಯಾಮ, ತಣ್ಣೀರು ಸ್ನಾನ, ಮುಖಕ್ಕೆ ಮೂರು ಬಗೆಯ ಆರೈಕೆ, ಡೈರಿ, ಓದು. ಒಟ್ಟು ಹನ್ನೊಂದು ಅಂಶ. ಪ್ರತಿಯೊಂದಕ್ಕೂ ಟಿಕ್ ಹಾಕಲು ಚೌಕ.

ಆ ತಿಂಗಳ ನನ್ನ ಖರ್ಚು ಹೀಗಿತ್ತು:

ಫೇಸ್‌ವಾಶ್ – ರೂ. 199
ಮುಖಕ್ಕೆ ಸೀರಮ್ – ರೂ. 449
ಸನ್‌ಸ್ಕ್ರೀನ್ – ರೂ. 349
ಬಾದಾಮಿ, ಕಾಲು ಕಿಲೋ – ರೂ. 250
ಡೈರಿ – ರೂ. 150
ನೀರಿನ ಬಾಟಲಿ – ರೂ. 299
ಒಟ್ಟು – ರೂ. 1,696

ಇದರಲ್ಲಿ ರೂ. 1,200 ಈದಿಯ ಹಣ. ಉಳಿದ ರೂ. 496 ಅಮ್ಮಿ ಕೊಟ್ಟದ್ದು. 'ಕಾಲೇಜಿಗೆ ಬೇಕು' ಎಂದು ಹೇಳಿ ತೆಗೆದುಕೊಂಡಿದ್ದೆ. ಅಮ್ಮಿ ಸೀರೆಗೆ ಫಾಲ್ ಹಚ್ಚಿ, ಬ್ಲೌಸ್ ಹೊಲಿದು ಕೂಡಿಸಿಟ್ಟಿದ್ದ ಡಬ್ಬಿಯ ಹಣ ಅದು.

ಮೊದಲ ನಷ್ಟ ನಿದ್ದೆಗೇ ಆಯಿತು. ಮೊದಲು ನಾನು ಹನ್ನೊಂದೂವರೆಗೆ ಮಲಗಿ, ಫಜರ್‌ಗೆ ಎದ್ದು, ಮತ್ತೆ ಒಂದು ಗಂಟೆ ಮಲಗುತ್ತಿದ್ದೆ. ಈಗ ಏಳುವ ಸಮಯ ಬದಲಾಯಿತು, ಮಲಗುವ ಸಮಯ ಬದಲಾಗಲಿಲ್ಲ. ಹನ್ನೊಂದೂವರೆಯಿಂದ ನಾಲ್ಕಕ್ಕೆ ಎಷ್ಟು ಗಂಟೆ ಎಂದು ವಾಣಿಜ್ಯದ ವಿದ್ಯಾರ್ಥಿಯಾಗಿ ನಾನು ಕಳೆದು ನೋಡಲೇ ಇಲ್ಲ! ನಾಲ್ಕೂವರೆ ಗಂಟೆ. ಎರಡನೇ ವಾರದಲ್ಲಿ ಲೆಕ್ಕಶಾಸ್ತ್ರದ ತರಗತಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಮಾಡುತ್ತಾ ನಿದ್ದೆ ಹೋದೆ. ಎರಡೂ ಕಡೆ ತಾಳೆಯಾಗಲಿಲ್ಲ. ಹಿಂದಿನ ಬೆಂಚಿನವರು ಇಂದಿಗೂ ನನ್ನನ್ನು ನಾಲ್ಕು ಗಂಟೆ ಸಾಹೇಬ ಎಂದು ಕರೆಯುತ್ತಾರೆ.

ಎರಡನೆಯ ನಷ್ಟ ಮನಸ್ಸಿನದು. ಹನ್ನೊಂದರಲ್ಲಿ ಎಂಟು ಟಿಕ್ ಬಿದ್ದರೂ ಕಣ್ಣಿಗೆ ಕಾಣುವುದು ಖಾಲಿ ಇರುವ ಮೂರು ಚೌಕ. ಚಿಂತೆ ಕಡಿಮೆಯಾಗಲಿ ಎಂದು ಶುರು ಮಾಡಿದ್ದು ಇನ್ನೊಂದು ಪರೀಕ್ಷೆಯೇ ಆಯಿತು. ಅದಕ್ಕೆ ರಜೆಯೂ ಇಲ್ಲ, ಪಾಸೂ ಇಲ್ಲ.

ಮೂರನೆಯದು ಮಾರುಕಟ್ಟೆ. ವ್ಯವಹಾರ ಅಧ್ಯಯನದಲ್ಲಿ ಜಾಹೀರಾತಿನ ಬಗ್ಗೆ ಓದುತ್ತೇವೆ. ನಿಮ್ಮಲ್ಲಿ ಏನೋ ಕಡಿಮೆ ಇದೆ ಎಂದು ನಂಬಿಸಿದರೆ ಮಾತ್ರ ಕೆಲವು ಸರಕುಗಳು ಮಾರಾಟವಾಗುತ್ತವೆ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಮದುವೆಗೆ ಮುಂಚೆ ಮುಖ ಬೆಳ್ಳಗಾಗಲಿ ಎಂದು ಯಾರೋ ಹೇಳಿದ ಕ್ರೀಮ್ ಹಚ್ಚಿದಳು. ಮೊದಲ ವಾರ ಎಲ್ಲರೂ ಹೊಗಳಿದರು. ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿ ಶುರುವಾಯಿತು, ಬಿಸಿಲಿಗೆ ಹೋಗಲು ಆಗದಾಯಿತು. ಅದರಲ್ಲಿ ಸ್ಟಿರಾಯ್ಡ್ ಇದೆ ಎಂದು ಚರ್ಮದ ವೈದ್ಯರು ಹೇಳಿದರು. ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಕೆಲವು ಬಿಳುಪಿನ ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಚರ್ಮದ ಬಣ್ಣ ಕಾಯಿಲೆಯಲ್ಲ. ಅದಕ್ಕೆ ಆರೈಕೆ ಬೇಕಿಲ್ಲ.

ನಾಲ್ಕನೆಯದು, ದಿನಚರಿಯ ಹಿಂದೆ ದೊಡ್ಡ ತೊಂದರೆ ಅಡಗಿ ಕೂರುವುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಅನಿಸಿದರೆ ಡೈರಿ ಬರೆದು, ಬಿಸಿನೀರು ಕುಡಿದು ಸರಿಯಾಗುವುದಿಲ್ಲ. ಓರೆಮ್ ಹೇಳಿದ ಕೊರತೆ ಇದೇ. ಆಗ ಮನೆಯವರಿಗೆ, ನಂಬಿಕೆಯ ಉಪನ್ಯಾಸಕರಿಗೆ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ಸಂಖ್ಯೆ 14416. ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕೇಳುವುದು ದೌರ್ಬಲ್ಯವಲ್ಲ. ಅದೂ ಸ್ವ-ಆರೈಕೆಯೇ.

ಪುಸ್ತಕದಲ್ಲಿ ಬರೆಯದ ಖರ್ಚು

ಐದನೆಯ ನಷ್ಟವನ್ನು ನಾನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ನಾನು ನಾಲ್ಕಕ್ಕೆ ಏಳುತ್ತೇನೆ ಎಂದು ಹೇಳಿದ ದಿನದಿಂದ ಅಮ್ಮಿ ಮೂರೂಮುಕ್ಕಾಲಿಗೆ ಏಳತೊಡಗಿದರು. ನಾನು ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನೀರು ಕಾಯಿಸುವುದು, ರಾತ್ರಿ ನೆನೆಸಿದ ಬಾದಾಮಿಯ ಸಿಪ್ಪೆ ಸುಲಿಯುವುದು, ಮೊಟ್ಟೆ ಬೇಯಿಸುವುದು, ವ್ಯಾಯಾಮದಲ್ಲಿ ಬೆವರಿದ ಬಟ್ಟೆ ಒಗೆಯುವುದು. ನಾನು ಡೈರಿಯಲ್ಲಿ 'ಇಂದು ನನಗಾಗಿ ಒಂದು ಗಂಟೆ ಕೊಟ್ಟುಕೊಂಡೆ' ಎಂದು ಬರೆಯುತ್ತಿದ್ದೆ. ಆ ಗಂಟೆ ಎಲ್ಲಿಂದ ಬಂತು ಎಂದು ಬರೆಯಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಮ್ಮಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಸುತ್ತ ಬಾದಾಮಿ ಚೆಲ್ಲಿತ್ತು. 'ಏನಿಲ್ಲ, ತಲೆ ತಿರುಗಿತು, ನೀನು ಓದಿಕೋ ಹೋಗು' ಎಂದರು. ಅಬ್ಬಾ ಅವರನ್ನು ಎತ್ತಿ ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು, ನಾನು ಹಿಂದೆ ಮಂಡಕ್ಕಿ ಚೀಲಗಳ ನಡುವೆ ನಿಂತೆ. ಆಸ್ಪತ್ರೆಯಲ್ಲಿ ಬಿಪಿ ನೋಡಿದರು. 180/110. 140/90 ದಾಟಿದರೇ ಹೆಚ್ಚು ಎನ್ನುತ್ತಾರೆ.

'ಮಾತ್ರೆ ದಿನಾ ತಗೋತೀರಾ?' ಎಂದು ನರ್ಸ್ ಕೇಳಿದರು. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುಗಿದು ಹತ್ತು-ಹನ್ನೆರಡು ದಿನ ಆಯ್ತು. ತರೋಕೆ ಹೋಗಬೇಕಿತ್ತು, ಬಿಡುವು ಸಿಗಲಿಲ್ಲ' ಎಂದರು.

ಮಾತ್ರೆಗೆ ದೊಡ್ಡ ಖರ್ಚಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿಯೂ ಕೊಡುತ್ತಾರೆ. ಅಮ್ಮಿಗೆ ಇಲ್ಲದಿದ್ದದ್ದು ಹಣವಲ್ಲ, ಬಿಡುವು. ಆ ಬಿಡುವನ್ನು ತಿಂದವನು ನಾನು.

ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ನನಗೆ ಎರಡು ಪಾಠಗಳು ಅರ್ಥವಾದವು. ಪುಸ್ತಕದಲ್ಲಿ ಅವುಗಳನ್ನು ಆಗಲೇ ಬಾಯಿಪಾಠ ಮಾಡಿದ್ದೆ. ಒಂದು, ಅರ್ಥಶಾಸ್ತ್ರದ ಅವಕಾಶ ವೆಚ್ಚ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದೇ ಅದರ ನಿಜವಾದ ಬೆಲೆ. ನನ್ನ ದಿನಚರಿಯ ಅವಕಾಶ ವೆಚ್ಚ ಅಮ್ಮಿಯ ನಿದ್ದೆ ಮತ್ತು ಮಾತ್ರೆ. ಇನ್ನೊಂದು, ಲೆಕ್ಕಶಾಸ್ತ್ರದ ಹಣ ಮಾಪನ ಪರಿಕಲ್ಪನೆ. ಹಣದಲ್ಲಿ ಅಳೆಯಬಹುದಾದ ವ್ಯವಹಾರಗಳನ್ನು ಮಾತ್ರ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಅಂಗಡಿಯ ಪುಸ್ತಕಕ್ಕೆ ಇದು ಸರಿ. ಮನೆಯಲ್ಲಿ ಇದೇ ನಿಯಮ ನಡೆಸಿದರೆ ರೂ. 1,696 ಕಾಣುತ್ತದೆ, ಮೂರೂಮುಕ್ಕಾಲಿಗೆ ಎದ್ದವರು ಕಾಣುವುದಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅಬ್ಬಾ ಒಂದು ಮಾತು ಹೇಳಿದರು. 'ಈ ಗಾಡಿಯ ಆಯಿಲ್ ಬದಲಿಸುವ ದಿನ ನನಗೆ ನೆನಪಿದೆ. ನಿಮ್ಮ ಅಮ್ಮಿಯ ಮಾತ್ರೆ ಮುಗಿದ ದಿನ ನನಗೆ ಗೊತ್ತಿರಲಿಲ್ಲ.' ಆಮೇಲೆ ಮನೆ ಬರುವವರೆಗೆ ಅವರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಹಾಗಾದರೆ ದಿನಚರಿ ಬೇಡವೇ?

ಬೇಕು. ನಿರ್ವಹಣೆ ಇಲ್ಲದೆ ಯಾವ ಗಾಡಿಯೂ ಓಡುವುದಿಲ್ಲ. ಆದರೆ ದಿನವಿಡೀ ಗಾಡಿ ಒರೆಸುತ್ತಾ ನಿಂತರೆ ಬಾಡಿಗೆಯೂ ಸಿಗುವುದಿಲ್ಲ. ನನ್ನ ಅನುಭವದಿಂದ ನಾಲ್ಕು ಪ್ರಶ್ನೆಗಳನ್ನು ಮಾಡಿಕೊಂಡಿದ್ದೇನೆ. ಹೊಸ ದಿನಚರಿ ಶುರು ಮಾಡುವ ಮುನ್ನ ನೀವೂ ಕೇಳಿಕೊಳ್ಳಬಹುದು.

1. ಇದು ನಿದ್ದೆಯನ್ನು ಹೆಚ್ಚಿಸುತ್ತದೆಯೇ, ಕದಿಯುತ್ತದೆಯೇ? ಬೇಗ ಏಳುವುದಾದರೆ ಮೊದಲು ಬೇಗ ಮಲಗಿ.

2. ಹಣ ಖರ್ಚು ಮಾಡದೆ ಇದನ್ನು ಮಾಡಬಹುದೇ? ನೀರು, ನಡಿಗೆ, ನಿದ್ದೆ, ಹಲ್ಲುಜ್ಜುವುದು ಇವಕ್ಕೆ ಹೊಸ ಸಾಮಾನು ಬೇಕಿಲ್ಲ. ಚರ್ಮಕ್ಕೆ ತೊಂದರೆ ಇದ್ದರೆ ವೈದ್ಯರನ್ನು ಕೇಳಿ, ಗೆಳೆಯನನ್ನಲ್ಲ.

3. ಒಂದು ದಿನ ತಪ್ಪಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಎಂದಾದರೆ ಚಿಂತೆ ಬಿಡಿ. ಮಾತ್ರೆಯಂತೆ ತಪ್ಪಿಸಲೇಬಾರದ್ದಾದರೆ ಅದಕ್ಕೆ ಮಾತ್ರ ಟಿಕ್ ಹಾಕಿ.

4. ಇದರ ಕೆಲಸವನ್ನು ಯಾರು ಮಾಡುತ್ತಾರೆ? ನನ್ನ ಆರೈಕೆಗಾಗಿ ಇನ್ನೊಬ್ಬರು ಹುಷಾರಿಲ್ಲದಂತಾದರೆ ಅದು ಸ್ವ-ಆರೈಕೆಯಲ್ಲ, ಸಾಲ.

ಈಗ ನಾನು ಹತ್ತಕ್ಕೆ ಮಲಗಿ ಫಜರ್‌ಗೆ ಏಳುತ್ತೇನೆ. ಎಂಟು ಗಂಟೆ ಪೂರ್ತಿ ಆಗುವುದಿಲ್ಲ, ಆದರೆ ತರಗತಿಯಲ್ಲಿ ನಿದ್ದೆ ಬರುವುದಿಲ್ಲ. ಬಾದಾಮಿ ಬದಲು ಶೇಂಗಾ ನೆನೆಸುತ್ತೇನೆ, ಅದಕ್ಕೆ ಸಿಪ್ಪೆ ಸುಲಿಯುವುದು ಬೇಕಿಲ್ಲ. ನನ್ನ ಬಟ್ಟೆ, ಟಿಫಿನ್ ಡಬ್ಬಿ ನಾನೇ ತೊಳೆಯುತ್ತೇನೆ. ಮೊದಲ ವಾರ ಅಂಗಿಯ ಕಾಲರ್‌ನಲ್ಲಿ ಸೋಪು ಹಾಗೇ ಉಳಿದು ಕುತ್ತಿಗೆ ತುರಿಸುತ್ತಿತ್ತು. ಸೀರಮ್ ಬಾಟಲಿ ಅರ್ಧ ಹಾಗೇ ಇದೆ. ಚೌಕಗಳ ಡೈರಿಯನ್ನು ಬಿಸಾಡಲಿಲ್ಲ. ಅದರಲ್ಲಿ ಈಗ ಒಂದೇ ಅಂಶಕ್ಕೆ ಟಿಕ್ ಬೀಳುತ್ತದೆ, ಅಮ್ಮಿಯ ಮಾತ್ರೆಗೆ. ತಿಂಗಳಿಗೊಮ್ಮೆ ನಾನು ಅವರನ್ನು ಹತ್ತಿರದ ನಮ್ಮ ಕ್ಲಿನಿಕ್‌ಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಉಚಿತ. 30 ವರ್ಷ ದಾಟಿದವರು ಆಗಾಗ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಸರ್ಕಾರವೇ ಹೇಳುತ್ತದೆ. ನಿಮ್ಮ ಮನೆಯಲ್ಲಿ ಯಾರು ಮಾಡಿಸಿಲ್ಲ ಎಂದು ಇಂದು ಸಂಜೆ ಕೇಳಿ ನೋಡಿ.

ಎಲ್ಲವೂ ಸರಿಹೋಗಿದೆ ಎಂದು ಹೇಳಲಾರೆ. ಹೋದ ತಿಂಗಳು ಅಮ್ಮಿಯ ಬಿಪಿ 150/94 ಇತ್ತು. ಉಪ್ಪಿನಕಾಯಿ ಭರಣಿ ಇನ್ನೂ ಅಡುಗೆಮನೆಯಲ್ಲೇ ಇದೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಅಸರ್ ಆದ ಮೇಲೆ ನಾನೂ ಜೊತೆಗೆ ಹೋಗುತ್ತೇನೆ ಎಂದರೆ ಅಮ್ಮಿಗೆ ಸಂಕೋಚ. 'ಕೆಲಸ ಇಲ್ಲದವಳ ಹಾಗೆ ಸುಮ್ಮನೆ ನಡೆದರೆ ಬೀದಿಯವರು ಏನಂದುಕೊಳ್ಳುತ್ತಾರೆ?' ಎನ್ನುತ್ತಾರೆ. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಹೊರಡುತ್ತಾರೆ. ಅರ್ಧ ಗಂಟೆ ನಡೆದು, ಖಾಲಿ ಚೀಲದೊಂದಿಗೆ ವಾಪಸ್ ಬರುತ್ತೇವೆ.

ನನಗಾಗಿ ಒಂದು ಗಂಟೆ ಬೇಕು ಎಂದು ನಾನು ಮನೆಯಲ್ಲಿ ಎಲ್ಲರೆದುರು ಹೇಳಿದ್ದೆ. ಅಮ್ಮಿ ತಮ್ಮ ಅರ್ಧ ಗಂಟೆಯನ್ನು ಇನ್ನೂ ಚೀಲದ ಹಿಂದೆ ಬಚ್ಚಿಡುತ್ತಾರೆ. ಚೀಲ ಇಲ್ಲದೆ ಅವರು ಆ ರಸ್ತೆಯಲ್ಲಿ ನಡೆಯುವ ದಿನ ಬರಲಿ ಎಂದು ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಆ ಚೀಲ ನಾನು ಹಿಡಿಯುತ್ತೇನೆ.